ಡಾಕ್ಟರ ಹೆಸರಿನ ಮುಂದೆ 6,400 ಸೈಟೇಷನ್ ಅಂತ ಇದ್ದರೆ ಅದರ ಅರ್ಥ ಏನು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ನಮ್ಮ ಮಾವನವರಿಗೆ 67 ವರ್ಷ. ಹೋದ ತಿಂಗಳು ಲಿವರ್ ಸಿರೋಸಿಸ್ ಎಂದು ಗೊತ್ತಾಯಿತು. ಇಲ್ಲೇ ಹತ್ತಿರದ ಗ್ಯಾಸ್ಟ್ರೋ ಡಾಕ್ಟರು ಎಂಡೋಸ್ಕೋಪಿ ಮಾಡಿ ಔಷಧಿ ಶುರು ಮಾಡಿದ್ದಾರೆ. ನನ್ನ ಮೈದುನ ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದಾರೆ. ಅವರು ಸಂಶೋಧನಾ ಲೇಖನಗಳನ್ನು, ಅಂದರೆ ಪೇಪರ್‌ಗಳನ್ನು, ಹುಡುಕುವ ಗೂಗಲ್ ಸ್ಕಾಲರ್ ತಾಣ ನೋಡಿ ಮುಂಬೈಯ ಒಬ್ಬ ದೊಡ್ಡ ಡಾಕ್ಟರ ಲೆಕ್ಕ ಕಳಿಸಿದ್ದಾರೆ. 112 ಪೇಪರ್, 6,400 ಸೈಟೇಷನ್, ಎಚ್-ಇಂಡೆಕ್ಸ್ 29. ವಿಶ್ವದ ಶೇಕಡಾ 2 ವಿಜ್ಞಾನಿಗಳ ಪಟ್ಟಿಯಲ್ಲೂ ಹೆಸರಿದೆಯಂತೆ. ನಮ್ಮ ಡಾಕ್ಟರದ್ದು 9 ಪೇಪರ್, 85 ಸೈಟೇಷನ್, ಎಚ್-ಇಂಡೆಕ್ಸ್ 4. "29 ಎಲ್ಲಿ, 4 ಎಲ್ಲಿ, ಇವತ್ತೇ ಬದಲಾಯಿಸಿ" ಅನ್ನುತ್ತಾರೆ. ಮನೆಯಲ್ಲಿ ಎಲ್ಲರಿಗೂ ಗೊಂದಲ. ಈ ನಂಬರ್‌ಗಳನ್ನು ಹೇಗೆ ಓದಬೇಕು?

ಉತ್ತರ: ಮೊದಲನೆಯದಾಗಿ, ಈ ನಂಬರ್ ನೋಡಿ ಇವತ್ತೇ ಡಾಕ್ಟರನ್ನು ಬದಲಾಯಿಸಬೇಡಿ. ಬದಲಾಯಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಕಾರಣಗಳು ಇರಬಹುದು, ಅವನ್ನು ಕೊನೆಗೆ ಹೇಳುತ್ತೇನೆ. ಆದರೆ 29 ಮತ್ತು 4 ಎಂಬ ಎರಡು ಅಂಕಿಗಳಲ್ಲಿ ನಿಮ್ಮ ಮಾವನವರಿಗೆ ಬೇಕಾದ ಉತ್ತರ ಇಲ್ಲ.

ನಾನು ಡಾಕ್ಟರಲ್ಲ. ಮುಂಬೈಯ ಒಂದು ವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ 28 ವರ್ಷ ಕೆಲಸ ಮಾಡಿದವಳು. ಕೊನೆಯ ಹತ್ತು ವರ್ಷವಂತೂ ಡಾಕ್ಟರುಗಳ ಬಡ್ತಿ ಫೈಲಿಗೆ ಪೇಪರ್ ಎಷ್ಟು, ಸೈಟೇಷನ್ ಎಷ್ಟು ಎಂದು ಲೆಕ್ಕ ಹಾಕಿ ಕೊಡುವುದೇ ನನ್ನ ಮುಖ್ಯ ಕೆಲಸವಾಗಿತ್ತು. ಈ ಲೆಕ್ಕದ ಒಳಗೆ ಏನಿದೆ, ಏನಿಲ್ಲ ಎಂದು ದಿನಾ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಮಾಧಾನವಾಗಿ ಓದಿ, ಮೈದುನನಿಗೂ ಕಳಿಸಿ. ಅವರು ಹುಡುಕಿದ್ದು ಅಪ್ಪನ ಮೇಲಿನ ಪ್ರೀತಿಯಿಂದ, ಅದರಲ್ಲಿ ತಪ್ಪೇನೂ ಇಲ್ಲ.

ಸೈಟೇಷನ್ ಅಂದರೆ ಏನು? ಒಬ್ಬ ಡಾಕ್ಟರು ಒಂದು ಪೇಪರ್ ಬರೆಯುತ್ತಾರೆ. ಮುಂದೆ ಬೇರೆ ಯಾರೋ ತಮ್ಮ ಪೇಪರ್ ಬರೆಯುವಾಗ "ಈ ಮಾತು ಇಂಥವರ ಪೇಪರಿನಲ್ಲಿದೆ" ಎಂದು ಕೊನೆಯಲ್ಲಿ ಹೆಸರು ಹಾಕುತ್ತಾರೆ. ಹಾಗೆ ಹಾಕಿದರೆ ಒಂದು ಸೈಟೇಷನ್ ಆಯಿತು. ಒಪ್ಪಿ ಹಾಕಿದರೂ ಒಂದು, "ಇದು ಪೂರ್ತಿ ತಪ್ಪು" ಎಂದು ಹಾಕಿದರೂ ಒಂದು, ಬರೀ ವಾಡಿಕೆಗೆ ಹಾಕಿದರೂ ಒಂದೇ. ಈ ಲೆಕ್ಕವನ್ನು ಕ್ರಮವಾಗಿ ಇಡಲು ಶುರು ಮಾಡಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ 1964ರಲ್ಲಿ ಬಂತು. ಅವರು ಅದನ್ನು ಮಾಡಿದ್ದು ನಮ್ಮಂಥ ಲೈಬ್ರರಿಯವರಿಗಾಗಿ. ಒಂದು ಪೇಪರ್ ಸಿಕ್ಕಿದರೆ ಅದರ ನಂತರ ಅದೇ ವಿಷಯದ ಮೇಲೆ ಯಾರು ಏನು ಬರೆದರು ಎಂದು ಹಿಂಬಾಲಿಸಿ ಹುಡುಕಬೇಕಲ್ವಾ, ಅದಕ್ಕೆ. ಮನುಷ್ಯರನ್ನು ತೂಗುವ ತಕ್ಕಡಿಯಾಗಿ ಅದು ಬದಲಾದದ್ದು ಆಮೇಲೆ.

ಎಚ್-ಇಂಡೆಕ್ಸ್ ಇನ್ನೂ ಹೊಸದು. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತಶಾಸ್ತ್ರದ ವಿಜ್ಞಾನಿ ಅದನ್ನು ಮುಂದಿಟ್ಟರು. ಒಬ್ಬರ ಎಷ್ಟು ಪೇಪರ್‌ಗಳಿಗೆ ತಲಾ ಕನಿಷ್ಠ ಅಷ್ಟೇ ಸೈಟೇಷನ್ ಇದೆಯೋ ಆ ಸಂಖ್ಯೆಯೇ ಎಚ್-ಇಂಡೆಕ್ಸ್. ನಿಮ್ಮ ಡಾಕ್ಟರ ಲೆಕ್ಕವನ್ನೇ ತೆಗೆದುಕೊಂಡು ಹೇಳುತ್ತೇನೆ. ಅವರ 9 ಪೇಪರ್‌ಗಳ ಸೈಟೇಷನ್‌ಗಳನ್ನು ಜಾಸ್ತಿಯಿಂದ ಕಡಿಮೆಗೆ ಸಾಲಾಗಿ ಇಟ್ಟರೆ ಹೀಗಿರಬಹುದು: 40, 22, 12, 5, 3, 2, 1, 0, 0. ಕೂಡಿದರೆ 85. ಈಗ ಮೇಲಿನಿಂದ ಎಣಿಸುತ್ತಾ ಬನ್ನಿ. ನಾಲ್ಕನೆಯ ಪೇಪರಿಗೆ 5 ಇದೆ, ಅಂದರೆ ನಾಲ್ಕಕ್ಕಿಂತ ಕಡಿಮೆ ಇಲ್ಲ. ಐದನೆಯದಕ್ಕೆ ಬರೀ 3. ಅಲ್ಲಿಗೆ ನಿಂತಿತು, ಎಚ್-ಇಂಡೆಕ್ಸ್ 4. ಮೊದಲ ಪೇಪರಿಗೆ 40 ಇರಲಿ, 4,000 ಇರಲಿ, ಉತ್ತರ 4 ಆಗಿಯೇ ಉಳಿಯುತ್ತದೆ. ಇನ್ನೊಂದು ವಿಷಯ ನೋಡಿ, 9 ಪೇಪರ್ ಬರೆದವರ ಎಚ್-ಇಂಡೆಕ್ಸ್ ಯಾವ ಕಾಲಕ್ಕೂ 9 ದಾಟುವುದಿಲ್ಲ. ಅಷ್ಟೇ ಅಲ್ಲ, ಈ ಅಂಕಿ ಕೆಳಗೆ ಇಳಿಯುವುದೇ ಇಲ್ಲ, ಕೆಲಸ ನಿಲ್ಲಿಸಿದರೂ ಏರುತ್ತಲೇ ಇರಬಹುದು. 1995ರಲ್ಲಿ ಬರೆಯಲು ಶುರು ಮಾಡಿದವರಿಗೂ 2015ರಲ್ಲಿ ಶುರು ಮಾಡಿದವರಿಗೂ ನಡುವೆ ಇಪ್ಪತ್ತು ವರ್ಷದ ವ್ಯತ್ಯಾಸ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ 29 ಎಲ್ಲಿ, 4 ಎಲ್ಲಿ ಅಂದರೆ ಅನ್ಯಾಯವಾಗುತ್ತದೆ.

ಈಗ ದೊಡ್ಡ ಡಾಕ್ಟರ ಅಂಕಿಗೆ ಬರೋಣ. ಎಚ್-ಇಂಡೆಕ್ಸ್ 29 ಆಗಲು ಕನಿಷ್ಠ 29 ಪೇಪರ್‌ಗೆ ತಲಾ 29 ಸೈಟೇಷನ್ ಸಾಕು. 29ನ್ನು 29ರಿಂದ ಗುಣಿಸಿದರೆ 841. ಅವರ ಹತ್ತಿರ ಇರುವುದು 6,400. ಹಾಗಾದರೆ ಉಳಿದ ಐದೂವರೆ ಸಾವಿರ ಎಲ್ಲಿ ಕೂತಿವೆ? ನನ್ನ ಹತ್ತಿರ ಫೈಲು ಬಂದಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಎಲ್ಲ ಪೇಪರ್‌ಗಳಲ್ಲಿ ಹಂಚಿಕೊಂಡಿದ್ದರೆ ಒಂದು ಕಥೆ. ಎರಡೋ ಮೂರೋ ಪೇಪರಿನಲ್ಲಿ ರಾಶಿ ಬಿದ್ದಿದ್ದರೆ ಕಥೆ ಬೇರೆ. ಹಾಗೆ ರಾಶಿ ಬೀಳುವ ಪೇಪರ್‌ಗಳು ಬಹಳ ಸಲ ಚಿಕಿತ್ಸಾ ಮಾರ್ಗಸೂಚಿಗಳು, ಅಂದರೆ ಗೈಡ್‌ಲೈನ್‌ಗಳು. ಹತ್ತಾರು ದೇಶದ ಡಾಕ್ಟರುಗಳು ಒಟ್ಟಿಗೆ ಕೂತು "ಈ ಕಾಯಿಲೆಗೆ ಹೀಗೆ ಮಾಡಿ" ಎಂದು ಬರೆದದ್ದು. ಆ ಕಾಯಿಲೆಯ ಬಗ್ಗೆ ಮುಂದೆ ಬರೆಯುವ ಪ್ರತಿಯೊಬ್ಬರೂ ಅದನ್ನು ಹೆಸರಿಸಲೇಬೇಕು. ಐವತ್ತು ಅರವತ್ತು ಹೆಸರುಗಳ ನಡುವೆ ಒಂದು ಹೆಸರು ಇದ್ದರೂ ಗೂಗಲ್ ಸ್ಕಾಲರ್ ಪೂರ್ತಿ ಸೈಟೇಷನ್ನನ್ನು ಪ್ರತಿಯೊಬ್ಬರ ಖಾತೆಗೂ ಹಾಕುತ್ತದೆ. ಅಂಥ ಸಮಿತಿಗೆ ಕರೆ ಬರುವುದೇ ಒಂದು ಗೌರವ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅದು ಬೇರೆ ಥರದ ಗೌರವ.

ಪೇಪರಿನಲ್ಲಿ ಹೆಸರು ಎಲ್ಲಿದೆ ಎಂದು ನೋಡುವುದೂ ಮುಖ್ಯ. ವೈದ್ಯಕೀಯದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿ ಬರೆದವರದ್ದು, ಎಷ್ಟೋ ಸಲ ಡಿಎಂ (ಎಂಡಿಯ ನಂತರದ ವಿಶೇಷ ಪದವಿ) ಓದುತ್ತಿರುವ ವಿದ್ಯಾರ್ಥಿಯದ್ದು. ಕೊನೆಯ ಹೆಸರು ಆ ಕೆಲಸವನ್ನು ನಡೆಸಿದ ಹಿರಿಯರದ್ದು. ನಡುವಿನ ಹೆಸರುಗಳಲ್ಲಿ ರೋಗಿಗಳನ್ನು ಸೇರಿಸಿಕೊಟ್ಟವರು, ಸ್ಲೈಡ್ ನೋಡಿದವರು, ಅಂಕಿಅಂಶ ಮಾಡಿದವರು ಎಲ್ಲರೂ ಇರುತ್ತಾರೆ. ಒಬ್ಬ ಡಾಕ್ಟರ ಹೆಸರು ಹೆಚ್ಚಿನ ಪೇಪರ್‌ಗಳಲ್ಲಿ ಮೊದಲು ಅಥವಾ ಕೊನೆಗೆ ಇದ್ದರೆ ಅದು ಅವರದೇ ಕೆಲಸ ಎಂದು ಹೇಳಬಹುದು.

ಇಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮಾವನವರ ಫೈಲು ತೆಗೆಯಿರಿ, ಆ ಪ್ಲಾಸ್ಟಿಕ್ ಕವರಿನೊಳಗಿನದು. ಡಾಕ್ಟರ ಚೀಟಿಯಲ್ಲಿ ಚೈಲ್ಡ್-ಪ್ಯೂ ಎಂದು ಬರೆದು ಪಕ್ಕದಲ್ಲಿ ಎ, ಬಿ ಅಥವಾ ಸಿ ಎಂದು ಇರಬಹುದು. ಸಿರೋಸಿಸ್ ಎಷ್ಟು ಮುಂದುವರಿದಿದೆ ಎಂದು ಹೇಳುವ ಗುರುತು ಅದು. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ, ಹೊಟ್ಟೆಯಲ್ಲಿ ನೀರು, ಮಂಪರು ಅಥವಾ ಗೊಂದಲ, ಈ ಐದನ್ನು ನೋಡಿ ಅಂಕ ಕೊಡುತ್ತಾರೆ. 5–6 ಬಂದರೆ ಎ, 7–9 ಬಂದರೆ ಬಿ, 10ರಿಂದ 15 ಆದರೆ ಸಿ. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಇದರ ಮೊದಲ ರೂಪ ಕೊಟ್ಟರು. 1973ರಲ್ಲಿ ಲಂಡನ್ನಿನ ಪ್ಯೂ ಮತ್ತು ಜೊತೆಯವರು ಅನ್ನನಾಳದ ಒಂದು ಆಪರೇಷನ್ ಬಗ್ಗೆ ಪೇಪರ್ ಬರೆಯುತ್ತಾ ಅದನ್ನು ತಿದ್ದಿದರು. ಆ ಆಪರೇಷನ್ನಿನ ಮಾತು ಈಗ ಹಿಂದೆ ಬಿದ್ದಿದೆ. ಅಂಕ ಕೊಡುವ ಕ್ರಮ ಮಾತ್ರ ಲೋಕದ ಎಲ್ಲ ಕಡೆ ಉಳಿಯಿತು, ಡೊಂಬಿವಲಿಗೂ ಬಂತು.

ಎಂಡೋಸ್ಕೋಪಿ ರಿಪೋರ್ಟ್ ಕೂಡ ನೋಡಿ. ಹೊಟ್ಟೆಯೊಳಗೆ ಊದಿದ ರಕ್ತನಾಳ ಕಂಡಿದ್ದರೆ ಅಲ್ಲಿ ಜಿಒವಿ 1, ಜಿಒವಿ 2 ಅಥವಾ ಐಜಿವಿ ಎಂದು ಬರೆದಿರುತ್ತಾರೆ. ಆ ಹೆಸರುಗಳು ನಮ್ಮ ದೇಶದಿಂದಲೇ ಹೋದವು! ದೆಹಲಿಯ ಶಿವ ಕುಮಾರ್ ಸರೀನ್ ಮತ್ತು ಜೊತೆಯವರು 568 ರೋಗಿಗಳನ್ನು ವರ್ಷಗಟ್ಟಲೆ ನೋಡಿ, ಯಾವ ಜಾಗದ ರಕ್ತನಾಳ ಎಷ್ಟು ಅಪಾಯ ಎಂದು ವಿಂಗಡಿಸಿ 1992ರಲ್ಲಿ ಬರೆದರು. ಇವತ್ತು ಹೊರದೇಶದ ಡಾಕ್ಟರುಗಳೂ ಅದೇ ಹೆಸರು ಬಳಸುತ್ತಾರೆ. ನನಗೆ ಇದನ್ನು ಹೇಳುವಾಗ ನಿಜವಾಗಿ ಹೆಮ್ಮೆಯಾಗುತ್ತದೆ. ಈಗ ಯೋಚಿಸಿ. ನಿಮ್ಮ ಡಾಕ್ಟರು ರಿಪೋರ್ಟಿನಲ್ಲಿ ಜಿಒವಿ 1 ಎಂದು ಬರೆದರೆ ಆ 1992ರ ಪೇಪರಿಗೆ ಒಂದು ಸೈಟೇಷನ್ ಸಿಗುತ್ತದಾ? ಇಲ್ಲ. ಒಂದು ಸಂಶೋಧನೆ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದು ಕೆಲಸ ಮಾಡಿದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಸೈಟೇಷನ್ ಎಣಿಸುವುದು ಬರೆಯುವವರು ಬರೆಯುವವರನ್ನು ನೆನೆದದ್ದನ್ನು ಮಾತ್ರ.

ಪೇಪರ್ ಎಷ್ಟು ದೊಡ್ಡದು ಎನ್ನುವುದಕ್ಕೂ ಅದರ ಫಲಕ್ಕೂ ಕೂಡ ನೇರ ಸಂಬಂಧ ಇಲ್ಲ. ಲಿವರ್ ಕ್ಯಾನ್ಸರ್ ಇರುವವರಲ್ಲಿ ಯಾರಿಗೆ ಲಿವರ್ ಕಸಿ ಮಾಡಬಹುದು ಎಂದು ನಿರ್ಧರಿಸಲು ಇವತ್ತಿಗೂ ಮಿಲಾನ್ ಮಾನದಂಡವನ್ನು ನೋಡುತ್ತಾರೆ. ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಒಳಗೆ, ಮೂರರವರೆಗೆ ಇದ್ದರೆ ಪ್ರತಿಯೊಂದೂ 3 ಸೆಂಟಿಮೀಟರ್ ಒಳಗೆ ಇರಬೇಕು ಎನ್ನುವ ನಿಯಮ. 1996ರಲ್ಲಿ ಇಟಲಿಯಿಂದ ಬಂದ ಆ ಪೇಪರಿನಲ್ಲಿ ಇದ್ದದ್ದು 48 ರೋಗಿಗಳು ಮಾತ್ರ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸೈಟೇಷನ್ ಎಷ್ಟು ಬರುತ್ತದೆ ಎನ್ನುವುದು ಆ ವಿಷಯದ ಮೇಲೆ ಬರೆಯುವ ಜನ ಎಷ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಮುಂಬೈಯ ಗ್ಯಾಸ್ಟ್ರೋ ಡಾಕ್ಟರುಗಳಿಗೆ ತಲೆನೋವಾಗಿರುವ ಒಂದು ವಿಷಯ ಕರುಳಿನ ಟಿಬಿ. ಅದೂ ಕ್ರೋನ್ಸ್ ಎಂಬ ಇನ್ನೊಂದು ಕಾಯಿಲೆಯೂ ನೋಡಲು ಒಂದೇ ಥರ, ಸಣ್ಣ ಕರುಳು ದೊಡ್ಡ ಕರುಳು ಸೇರುವ ಅದೇ ಜಾಗದಲ್ಲಿ ಅದೇ ಥರದ ಹುಣ್ಣು. ಟಿಬಿ ಇರುವವರಿಗೆ ಕ್ರೋನ್ಸ್ ಎಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಟಿಬಿ ಹಬ್ಬುತ್ತದೆ. ಕ್ರೋನ್ಸ್ ಇರುವವರಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟರೆ ಅಷ್ಟು ದಿನ ಕರುಳು ಹಾಳಾಗುತ್ತದೆ. ಇದನ್ನು ಬೇರ್ಪಡಿಸುವ ದಾರಿ ಹುಡುಕಿ ಬರೆದ ಪೇಪರ್ ಪರೇಲ್, ಸಯನ್, ಮುಂಬೈ ಸೆಂಟ್ರಲ್‌ನ ಆಸ್ಪತ್ರೆಗಳ ಉದ್ದನೆಯ ಸಾಲಿನಲ್ಲಿ ನಿಂತವರಿಗೆ ಬಹಳ ದೊಡ್ಡದು. ಆದರೆ ಕರುಳಿನ ಟಿಬಿ ಅಪರೂಪವಾಗಿರುವ ದೇಶಗಳಲ್ಲಿ ಅದನ್ನು ಹೆಸರಿಸುವವರು ಕಡಿಮೆ. ಅದೇ ಕೊಬ್ಬು ತುಂಬಿದ ಲಿವರ್ (ಫ್ಯಾಟಿ ಲಿವರ್) ಬಗ್ಗೆ ಬರೆದರೆ ಲೋಕದ ಎಲ್ಲ ಮೂಲೆಯಲ್ಲೂ ಬರೆಯುವವರಿದ್ದಾರೆ, ಸೈಟೇಷನ್ ತಾನಾಗಿ ಬರುತ್ತದೆ. ನಮ್ಮ ಊರಿನ ಕಾಯಿಲೆಯನ್ನು ಹಿಡಿದು ಕೂತ ಡಾಕ್ಟರಿಗೆ ಈ ಲೆಕ್ಕದಲ್ಲಿ ಯಾವಾಗಲೂ ನಷ್ಟ. ಇಲ್ಲಿನ ಪತ್ರಿಕೆಯಲ್ಲಿ ಬರೆದರೆ ಇನ್ನೂ ನಷ್ಟ. ಪರೇಲಿನ ಕೆಇಎಂ ಆಸ್ಪತ್ರೆ ಮತ್ತು ಜಿ.ಎಸ್. ಮೆಡಿಕಲ್ ಕಾಲೇಜಿನಿಂದ 1955ರಿಂದ ಬರುತ್ತಿರುವ ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್‌ನಂಥ ಪತ್ರಿಕೆಯಲ್ಲಿ ಬಂದ ಕೇಸ್ ರಿಪೋರ್ಟನ್ನು ನಮ್ಮ ರೆಸಿಡೆಂಟ್ ಡಾಕ್ಟರುಗಳು ಫೋನಿನಲ್ಲಿ ಇಟ್ಟುಕೊಂಡು ವಾರ್ಡಿಗೆ ಹೋಗುವುದನ್ನು ನೋಡಿದ್ದೇನೆ. ಓದಿದ್ದಕ್ಕೆ ಸೈಟೇಷನ್ ಇಲ್ಲ.

ತಡವಾಗಿ ಬೆಲೆ ಬಂದ ಕೆಲಸಗಳೂ ಇವೆ. 1978ರಲ್ಲಿ ಕಾಶ್ಮೀರದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಮಾಲೆ ಹಬ್ಬಿತು. ಬಸುರಿಯರು ಜಾಸ್ತಿ ಸತ್ತರು. ಮೊಹಮ್ಮದ್ ಖುರೂ ಎಂಬ ಡಾಕ್ಟರು ಅದರ ಹಿಂದೆ ಬಿದ್ದು, ಇದು ಆಗ ಗೊತ್ತಿದ್ದ ಹೆಪಟೈಟಿಸ್ ಎ ಅಲ್ಲ, ಬಿ ಅಲ್ಲ, ರಕ್ತದ ಮೂಲಕ ಬರುವ ಇನ್ನೊಂದೂ ಅಲ್ಲ, ಬೇರೆಯೇ ವೈರಸ್ ಇರಬೇಕು ಎಂದು 1980ರಲ್ಲಿ ಬರೆದರು. ಅದೇ ವರ್ಷ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಖೋರ್ಶೆದ್ ಪಾವ್ರಿ ಮತ್ತು ಜೊತೆಯವರು ಅಮೆರಿಕದ ವಿಜ್ಞಾನಿಗಳ ಸಂಗಡ ಭಾರತದ ಕಾಮಾಲೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಅಂಥದೇ ಮಾತನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ವೈರಸ್‌ಗೆ ಹೆಪಟೈಟಿಸ್ ಇ ಎಂಬ ಹೆಸರು ಆಗ ಇರಲೇ ಇಲ್ಲ. ಮೈದುನನಿಗೆ ಹೇಳಿ, ಅವರು ಇರುವ ಊರಿನಲ್ಲೇ ಆದ ಕೆಲಸ ಇದು.

ಹೊಟ್ಟೆ ಹುಣ್ಣಿನ ಕಥೆ ನಿಮಗೆ ಗೊತ್ತಿರಬಹುದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದರು. 1983ರಲ್ಲಿ ಅಲ್ಲಿನ ಗ್ಯಾಸ್ಟ್ರೋ ಸಂಘದ ಸಭೆಗೆ ಕಳಿಸಿದ ಸಾರಾಂಶವನ್ನು ವಾಪಸ್ ಕಳಿಸಿದರು. 1984ರಲ್ಲಿ ಲ್ಯಾನ್ಸೆಟ್‌ನಲ್ಲಿ ಪೇಪರ್ ಬಂತು. ಆಗಲೂ ನಂಬದವರೇ ಜಾಸ್ತಿ. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ಅವರಿಬ್ಬರಿಗೆ ನೊಬೆಲ್ ಬಂದದ್ದು 2005ರಲ್ಲಿ, ಎಚ್-ಇಂಡೆಕ್ಸ್ ಹುಟ್ಟಿದ ಅದೇ ವರ್ಷ. 1983ರಲ್ಲಿ ಮಾರ್ಷಲ್ ಅವರ ಎಚ್-ಇಂಡೆಕ್ಸ್ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ ಅಲ್ವಾ?

ಇದಕ್ಕೆ ತಿರುಗಾಮುರುಗ ಇನ್ನೊಂದು ಪೇಪರ್ ಇದೆ, ಅದೂ ಹೊಟ್ಟೆ-ಕರುಳಿನ ಕಡೆಯಿಂದಲೇ ಬಂದದ್ದು. 1998ರಲ್ಲಿ ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳ ಕರುಳಿನ ತೊಂದರೆಯ ಬಗ್ಗೆ ಬರೆದು, ಅದಕ್ಕೂ ಆಟಿಸಂಗೂ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಗಂಟು ಹಾಕಿದರು. ಆ ಪೇಪರನ್ನು ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಅವರ ವೈದ್ಯ ನೋಂದಣಿಯೂ ಹೋಯಿತು. ಆದರೆ ಸೈಟೇಷನ್ ನೋಡಿದರೆ ಸಾವಿರಾರು. ಹೆಚ್ಚಿನವರು ಅದು ತಪ್ಪು ಎಂದು ಹೇಳಲಿಕ್ಕೆ ಅದನ್ನು ಹೆಸರಿಸಿದ್ದಾರೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಆ ಪೇಪರನ್ನು ನಂಬಿ ಎಷ್ಟು ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸದೆ ಹೆದರಿ ಕೂತರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಶೇಕಡಾ 2ರ ಪಟ್ಟಿಯ ಬಗ್ಗೆ ಕೇಳಿದ್ದೀರಿ. ಅದು ಸುಳ್ಳು ಪಟ್ಟಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೋನಿಡಿಸ್ ಮತ್ತು ಜೊತೆಯವರು ಸ್ಕೋಪಸ್ ಎಂಬ ಪೇಪರ್‌ಗಳ ದೊಡ್ಡ ಸಂಗ್ರಹದ ಲೆಕ್ಕವನ್ನು ಹಿಡಿದು ಮಾಡುತ್ತಾರೆ, 2019ರಿಂದ ಬರುತ್ತಿದೆ. ಬರೀ ಎಚ್-ಇಂಡೆಕ್ಸ್‌ಗಿಂತ ಅದು ಎಷ್ಟೋ ಮೇಲು. ಆರು ಅಳತೆಗಳನ್ನು ಸೇರಿಸುತ್ತಾರೆ, ಹೆಸರು ಮೊದಲಿದೆಯೋ ಕೊನೆಗಿದೆಯೋ ನೋಡುತ್ತಾರೆ, ತನ್ನ ಪೇಪರನ್ನು ತಾನೇ ಹೆಸರಿಸಿಕೊಂಡದ್ದನ್ನು ಕಳೆದ ಲೆಕ್ಕವೂ ಬೇರೆ ಇರುತ್ತದೆ. ವಿಜ್ಞಾನವನ್ನು 174 ಉಪವಿಭಾಗ ಮಾಡಿ ಗ್ಯಾಸ್ಟ್ರೋದವರನ್ನು ಗ್ಯಾಸ್ಟ್ರೋದವರ ಜೊತೆಗೇ ಹೋಲಿಸುತ್ತಾರೆ. ಆದರೆ ಇದರಲ್ಲಿ ಎರಡು ಪಟ್ಟಿ ಇವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಸುದ್ದಿಪತ್ರಿಕೆಯಲ್ಲಿ, ಬ್ಯಾನರಿನಲ್ಲಿ ಯಾವ ಪಟ್ಟಿ ಎಂದು ಬರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಇದು ಸಂಶೋಧಕರ ಪಟ್ಟಿ. ಎಂಡೋಸ್ಕೋಪಿಯಲ್ಲಿ ಕೈ ಎಷ್ಟು ಪಳಗಿದೆ, ರೋಗಿಯ ಮಾತು ಎಷ್ಟು ಕೇಳುತ್ತಾರೆ ಎನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಹೆಸರಿನ ಗೊಂದಲವನ್ನೂ ನೋಡಿಕೊಳ್ಳಿ, ನಮ್ಮವರ ವಿಷಯದಲ್ಲಿ ಇದು ಬಹಳ. ಮುಂಬೈಯಲ್ಲಿ ಎಷ್ಟು ಜನ ಎ. ಶೆಟ್ಟಿ, ಎಷ್ಟು ಜನ ಎಸ್. ರಾವ್, ಎಷ್ಟು ಜನ ಆರ್. ಕುಲಕರ್ಣಿ! ಒಮ್ಮೆ ಒಬ್ಬ ಯುವ ಡಾಕ್ಟರ ಫೈಲು ನನ್ನ ಮೇಜಿಗೆ ಬಂತು. ಗೂಗಲ್ ಸ್ಕಾಲರ್‌ನಲ್ಲಿ 1,100 ಸೈಟೇಷನ್ ಇತ್ತು. ಒಂದೊಂದಾಗಿ ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಪೇಪರ್‌ಗಳು ಭತ್ತದ ಗದ್ದೆಯ ಮಣ್ಣಿನ ಬಗ್ಗೆ! ಅದೇ ಹೆಸರಿನ ಕೃಷಿ ವಿಜ್ಞಾನಿಯದ್ದು. ಆ ಹುಡುಗನಿಗೆ ಗೊತ್ತೇ ಇರಲಿಲ್ಲ, ಯಂತ್ರ ತಾನಾಗಿ ಸೇರಿಸಿತ್ತು. ಇಬ್ಬರೂ ಕೂತು ಸಂಜೆ ಎಂಟರವರೆಗೆ ತೆಗೆದು ಹಾಕಿದೆವು, 310 ಉಳಿಯಿತು. ಅವನು ಒಂದು ಮಾತೂ ಬೇಸರ ಮಾಡಿಕೊಳ್ಳಲಿಲ್ಲ, "ನನ್ನದು ನನಗೆ ಸಾಕು ಮೇಡಂ" ಅಂದ. ಹೀಗಾಗಬಾರದು ಎಂದೇ 2012ರಿಂದ ಆರ್ಕಿಡ್ ಎಂಬ 16 ಅಂಕಿಯ ಗುರುತು ಬಂದಿದೆ. ಅದನ್ನು ಹಾಕಿಕೊಂಡವರ ಪಟ್ಟಿಯನ್ನು ಜಾಸ್ತಿ ನಂಬಬಹುದು. ಮದುವೆಯ ನಂತರ ಹೆಸರು ಬದಲಾದ ಡಾಕ್ಟರಮ್ಮಂದಿರಿಗೆ ಇದರ ಉಲ್ಟಾ ಆಗುತ್ತದೆ. ಅವರ ಹಳೆಯ ಪೇಪರ್‌ಗಳು ಹೊಸ ಹೆಸರಿನ ಕೆಳಗೆ ಬರುವುದೇ ಇಲ್ಲ.

ಈಗ ನಿಮ್ಮ ಡಾಕ್ಟರ 9 ಪೇಪರಿನ ವಿಷಯ. ದಯವಿಟ್ಟು ಅದನ್ನು ಕಡಿಮೆ ಎಂದುಕೊಳ್ಳಬೇಡಿ. ಸಮೀರನ್ ನಂದಿ ಎಂಬ ದೆಹಲಿಯ ಹಿರಿಯ ಹೊಟ್ಟೆ-ಕರುಳು ಸರ್ಜನ್ ಮತ್ತು ಜೊತೆಯವರು ನಮ್ಮ ದೇಶದ 579 ವೈದ್ಯಕೀಯ ಸಂಸ್ಥೆಗಳ 2005ರಿಂದ 2014ರವರೆಗಿನ ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದರು. ಅದರಲ್ಲಿ 332 ಕಾಲೇಜುಗಳಿಂದ ಆ ಹತ್ತು ವರ್ಷದಲ್ಲಿ ಒಂದೇ ಒಂದು ಪೇಪರ್ ಬಂದಿರಲಿಲ್ಲ. ವರ್ಷಕ್ಕೆ 100ಕ್ಕಿಂತ ಜಾಸ್ತಿ ಪೇಪರ್ ಬಂದದ್ದು ಬರೀ 25 ಸಂಸ್ಥೆಗಳಿಂದ. ಕಲಿಸುವ ಕಾಲೇಜುಗಳ ಗತಿಯೇ ಹೀಗಿರುವಾಗ, ಡೊಂಬಿವಲಿಯಲ್ಲಿ ಬೆಳಿಗ್ಗೆ ಎಂಡೋಸ್ಕೋಪಿ, ಸಂಜೆ ಓಪಿಡಿ, ರಾತ್ರಿ ಎಮರ್ಜೆನ್ಸಿ ಎಂದು ಓಡುವ ಒಬ್ಬ ಡಾಕ್ಟರು, ಬರೆದುಕೊಡಲು ಕೈಕೆಳಗೆ ಒಬ್ಬ ವಿದ್ಯಾರ್ಥಿಯೂ ಇಲ್ಲದೆ, 9 ಪೇಪರ್ ಬರೆದಿದ್ದಾರೆ ಎಂದರೆ ಅವರಿಗೆ ಕಲಿಯುವ ಆಸೆ ಇದೆ ಎಂದು ನಾನು ಓದುತ್ತೇನೆ. ಬಡ್ತಿಗೆ ಪೇಪರ್ ಬೇಕೇ ಬೇಕು ಎಂಬ ನಿಯಮ ಇರುವುದು ಕಾಲೇಜಿನಲ್ಲಿ ಕಲಿಸುವವರಿಗೆ. ಅದರಿಂದಾಗಿ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡವು. ನಿಮ್ಮ ಡಾಕ್ಟರಿಗೆ ಆ ಒತ್ತಡ ಇಲ್ಲ. ಬೇಕೆನಿಸಿದ್ದಕ್ಕೆ ಬರೆದಿದ್ದಾರೆ.

ನಮ್ಮ ಲೈಬ್ರರಿಗೆ ಒಬ್ಬ ಡಾಕ್ಟರು ಬರುತ್ತಿದ್ದರು, ಹೊಟ್ಟೆ-ಲಿವರಿನವರೇ. ಅವರ ಪೇಪರ್ ಹತ್ತು ಹನ್ನೆರಡು ಇರಬಹುದು. ರಾತ್ರಿ ಏಳೂವರೆಗೆ ಬರುತ್ತಿದ್ದರು, ಕೈಯಲ್ಲಿ ಒಂದು ಚೀಟಿ. ಅದರಲ್ಲಿ ರೋಗಿಯ ಹೆಸರಿರುವುದಿಲ್ಲ, ವಯಸ್ಸು ಮತ್ತು ಎರಡು ಮೂರು ಲಕ್ಷಣ ಮಾತ್ರ. "ಇಂಥದ್ದು ಬೇರೆ ಎಲ್ಲಾದರೂ ಬಂದಿದೆಯಾ ನೋಡಿ ಕೊಡಿ" ಅನ್ನುತ್ತಿದ್ದರು. ಒಮ್ಮೆ ಕಾರವಾರದ ಕಡೆಯ ಒಬ್ಬ ಹುಡುಗಿಯ ಲಿವರ್ ಯಾಕೆ ಊದುತ್ತಿದೆ ಎಂದು ತಿಳಿಯಲು ಮೂರು ಸಂಜೆ ಕೂತು ಓದಿದರು. ಲಿವರಿನಿಂದ ರಕ್ತ ಹೊರಗೆ ಹೋಗುವ ನಾಳ ಕಟ್ಟಿಕೊಂಡಿತ್ತು. ಬಡ್-ಕಿಯಾರಿ ಎನ್ನುತ್ತಾರೆ ಅದಕ್ಕೆ. ಬಲೂನ್ ಹಾಕಿ ತೆರೆಸಿದರಂತೆ, ಹುಡುಗಿ ಊರಿಗೆ ಹೋದಳು. ಆ ಕೇಸಿನ ಬಗ್ಗೆ ಅವರು ಏನೂ ಬರೆಯಲಿಲ್ಲ. ಅವರ ಎಚ್-ಇಂಡೆಕ್ಸ್ ಎಷ್ಟಿತ್ತು ಎಂದು ನನಗೆ ನೆನಪಿಲ್ಲ, ಆ ಮೂರು ಸಂಜೆ ಚೆನ್ನಾಗಿ ನೆನಪಿದೆ.

ಹಾಗಾದರೆ ಈ ನಂಬರ್ ಯಾವುದಕ್ಕೂ ಬೇಡವಾ? ಬೇಕು, ಆದರೆ ಬಾಗಿಲಿನ ಹಾಗೆ, ತೆರೆದು ಒಳಗೆ ಹೋಗಲಿಕ್ಕೆ. ಮೈದುನನಿಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಲು ಹೇಳಿ. ದೊಡ್ಡ ಡಾಕ್ಟರ ಗೂಗಲ್ ಸ್ಕಾಲರ್ ಪುಟದಲ್ಲಿ ಪೇಪರ್‌ಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಈಚಿನವು ಮೇಲೆ ಬರುತ್ತವೆ. ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ? ಸಿರೋಸಿಸ್, ಪೋರ್ಟಲ್ ಹೈಪರ್‌ಟೆನ್ಷನ್ (ಲಿವರಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ), ವೆರಿಸಸ್ (ಊದಿದ ರಕ್ತನಾಳ), ಅಸೈಟಿಸ್ (ಹೊಟ್ಟೆಯಲ್ಲಿ ನೀರು) ಎಂಬ ಪದಗಳು ಇವೆಯಾ? ಗ್ಯಾಸ್ಟ್ರೋ ಎಂಬುದು ದೊಡ್ಡ ಕಡಲು. ಇಡೀ 6,400 ಸೈಟೇಷನ್ ಪ್ಯಾಂಕ್ರಿಯಾಸ್ ಕಲ್ಲಿನ ಮೇಲೋ ಕರುಳಿನ ಉರಿಯೂತದ ಮೇಲೋ ಇದ್ದರೆ ನಿಮ್ಮ ಮಾವನವರ ಲಿವರಿಗೆ ಅದರಿಂದ ಏನು ಲಾಭ? ಲಿವರಿನ ಮೇಲೆಯೇ ಇದ್ದು, ಹೆಸರು ಮೊದಲು ಅಥವಾ ಕೊನೆಗೆ ಇದ್ದರೆ, ಎರಡು ಮೂರು ಪೇಪರಿನ ಸಾರಾಂಶವನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ತಾಣದಲ್ಲಿ ತೆಗೆದು ಓದಿ, ಅದು ಉಚಿತ. ಎಷ್ಟು ರೋಗಿಗಳು, ಎಷ್ಟು ಕಾಲ ನೋಡಿದರು, ಕೆಟ್ಟದ್ದಾದದ್ದನ್ನೂ ಬರೆದಿದ್ದಾರಾ ಎಂದು ನೋಡಿ. ತಮ್ಮ ಚಿಕಿತ್ಸೆ ಎಲ್ಲಿ ಸೋತಿತು ಎಂದು ಬಿಚ್ಚಿ ಬರೆಯುವ ಡಾಕ್ಟರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಜಾಸ್ತಿ.

ಅದು ಸರಿ ಅನ್ನಿಸಿದರೆ ಫೈಲು ತೆಗೆದುಕೊಂಡು ಒಮ್ಮೆ ಅವರ ಅಭಿಪ್ರಾಯ ಕೇಳಿ ಬನ್ನಿ. ನಿಮ್ಮ ಡಾಕ್ಟರಿಗೆ ಹೇಳಿಯೇ ಹೋಗಿ, ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟೋ ಸಲ ತಾವೇ ಚೀಟಿ ಬರೆದುಕೊಡುತ್ತಾರೆ. ದೊಡ್ಡವರು ಹೇಳಿದ್ದನ್ನು ಬರೆಸಿಕೊಂಡು ಬಂದು ಇಲ್ಲೇ ಮುಂದುವರಿಸಬಹುದು. ಸಿರೋಸಿಸ್ ಒಂದು ದಿನದ ಕಾಯಿಲೆಯಲ್ಲ, ಮತ್ತೆ ಮತ್ತೆ ಹೋಗಬೇಕು. 67 ವರ್ಷದವರನ್ನು ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕರೆದುಕೊಂಡು ಹೋಗುವುದು ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಊದಿದ ರಕ್ತನಾಳಕ್ಕೆ ಬ್ಯಾಂಡಿಂಗ್ (ಎಂಡೋಸ್ಕೋಪಿಯಿಂದ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದು) ಬೇಕಾದರೆ ತಾವೇ ಮಾಡುತ್ತೀರಾ, ತಿಂಗಳಿಗೆ ಎಷ್ಟು ಮಾಡುತ್ತೀರಿ? ರಾತ್ರಿ ಎರಡು ಗಂಟೆಗೆ ಮಾವನವರು ರಕ್ತ ಕಾರಿಕೊಂಡರೆ ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಲ್ಲಿ ಆ ಹೊತ್ತಿಗೆ ಎಂಡೋಸ್ಕೋಪಿ ಸಿಗುತ್ತದಾ, ರಕ್ತ ಇರುತ್ತದಾ? ಮುಂದೆ ಲಿವರ್ ಕಸಿಯ ಮಾತು ಬಂದರೆ ಯಾರ ಹತ್ತಿರ ಕಳಿಸುತ್ತೀರಿ? ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಮಾಡಿಸಬೇಕಾ? ಈ ನಾಲ್ಕಕ್ಕೆ ಅವರು ತಡವರಿಸದೆ ಉತ್ತರ ಕೊಟ್ಟರೆ ಅಲ್ಲೇ ಇರಿ. ಕೊಡದಿದ್ದರೆ ಬದಲಾಯಿಸಲು ಅದು ನಿಜವಾದ ಕಾರಣ. ಇದರ ನಡುವೆ ರಕ್ತ ಕಾರಿಕೊಂಡರೆ, ಮಲ ಟಾರಿನಂತೆ ಕಪ್ಪಾದರೆ ಅಥವಾ ಮಾತು ತೊದಲಿ ಮಂಪರು ಬಂದರೆ ದೊಡ್ಡವರು, ಚಿಕ್ಕವರು ಎಂದು ನೋಡದೆ ಹತ್ತಿರದ ಆಸ್ಪತ್ರೆಗೆ ಓಡಿ.

ದೊಡ್ಡ ಡಾಕ್ಟರ ಹೆಸರನ್ನು ನೀವು ಬರೆಯಲಿಲ್ಲ, ಒಳ್ಳೆಯದೇ ಆಯಿತು. ಮಾವನವರ ರಿಪೋರ್ಟನ್ನೂ ನನಗೆ ಕಳಿಸಬೇಡಿ, ಅದನ್ನು ಓದಬೇಕಾದವರು ಡಾಕ್ಟರು. ಮೈದುನ ಹುಡುಕಿದ ಪೇಪರ್‌ಗಳಲ್ಲಿ ಲಿವರ್ ಬಗ್ಗೆ ಇರುವ ಎರಡು ಮೂರರ ಹೆಸರು ಮಾತ್ರ ಕಳಿಸಿ. ಎಷ್ಟು ರೋಗಿಗಳ ಮೇಲೆ ಮಾಡಿದ್ದು, ಕೆಲಸದಲ್ಲಿ ಅವರ ಪಾಲು ಎಷ್ಟು ಕಾಣುತ್ತದೆ ಎಂದು ಈ ವಾರದೊಳಗೆ ಓದಿ ಹೇಳುತ್ತೇನೆ.